ಐದು ತಲೆಮಾರಿನ ಹಾಜರಿ

ಇವತ್ತು ನಗಬಾರದು ಅಂದುಕೊಂಡ ದಿನವೇ ನಮ್ಮ ಶಾಲೆಯಲ್ಲಿ ನಗುವಂಥದ್ದೊಂದು ಆಗಿಬಿಡುತ್ತದೆ. ಮಳವಳ್ಳಿ ಪಕ್ಕದ ಈ ಎರಡು ಕೋಣೆಯ ಶಾಲೆಗೆ ಬರುವವರೆಲ್ಲ ಹೆಳವರ ಮಕ್ಕಳು. ಊರೂರು ತಿರುಗಿ, ರೈತರ ಮನೆ ಮುಂದೆ ನಿಂತು ಅವರ ವಂಶಾವಳಿ ಹೇಳಿ, ಕಾಳೋ ಕುರಿಯೋ ಪಡೆಯುವುದು ಇವರ ಮನೆತನದ ಕೆಲಸ. ಪೇಟೆಯ ಶಾಲೆಗಳಲ್ಲಿ 'ತಿರುಕರ ಮಕ್ಕಳು' ಅನ್ನಿಸಿಕೊಂಡು ಓಡಿಬಂದ ಇವರಿಗೆ ಆ ವಿದ್ಯೆಯ ಜೊತೆಗೇ ಓದು ಕಲಿಸುತ್ತೇವೆ. ಮೇಷ್ಟ್ರು ನಾನೊಬ್ಬ, ವಂಶಾವಳಿ ಕಲಿಸಲು ಅವರದೇ ಕೇರಿಯ ಒಬ್ಬ ಅಜ್ಜಿ.

ಹಾಜರಿ

ಮೊದಲ ದಿನ ಹಾಜರಿ ಪುಸ್ತಕ ತೆರೆದು, "ಹೆಸರು ಹೇಳಪ್ಪ" ಅಂದೆ. ಹುಡುಗ ತನ್ನ ಹೆಸರು ಹೇಳಿ, ಅಪ್ಪನದು, ತಾತನದು, ಮುತ್ತಾತನದು ಅಂತ ಮೇಲೆ ಹತ್ತುತ್ತಾ ಹೋದ.

"ನಿನ್ನದೊಂದೇ ಸಾಕು ಕಣೋ."

"ಅರ್ಧಕ್ಕೆ ನಿಲ್ಸುದ್ರೆ ಸತ್ತೋರು ಬೇಜಾರ್ ಮಾಡ್ಕತಾರೆ ಸಾ."

ಹನ್ನೊಂದು ಮಕ್ಕಳ ಹಾಜರಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಬಂದವರು ಹನ್ನೊಂದು ಜನ. ಗೈರುಹಾಜರಾದ ಹಿರಿಯರು ಲೆಕ್ಕಕ್ಕೇ ಸಿಗಲಿಲ್ಲ.

ಹದಿಮೂರರ ಮಗ್ಗಿ

ಕೊತ್ತತ್ತಿಯ ಗೌಡರೊಬ್ಬರು ಗಣಿತದ ಹೊತ್ತಿಗೇ ಬಂದರು. ಮಗನಿಗೆ ಹೆಣ್ಣು ನೋಡಿದ್ದರು. ಎರಡೂ ಮನೆಯವರು ಹಿಂದೆ ಅಣ್ಣತಮ್ಮಂದಿರಾಗಿದ್ದರೋ ಏನೋ ಅಂತ ಅಜ್ಜಿಯನ್ನು ಕೇಳಬೇಕಿತ್ತು.

"ಪಾಟ ಮುಗೀಲಿ, ಕೂತ್ಕಳಪ್ಪ" ಅಂದಳು ಅಜ್ಜಿ. ತರಗತಿಯಲ್ಲಿ ಯಾರಾದರೂ ಸುಮ್ಮನೆ ಕೂತರೆ ಅವಳಿಗೆ ಆಗುವುದಿಲ್ಲ. ಮಕ್ಕಳ ಜೊತೆ ಗೌಡರಿಂದಲೂ ಮಗ್ಗಿ ಹೇಳಿಸಿದಳು. ಹದಿಮೂರರದ್ದನ್ನು ಅವರು ಮೂರು ಸಲ ತಪ್ಪಿದರು.

ಹೋಗುವಾಗ ನನ್ನ ಕಿವಿಯ ಹತ್ತಿರ ಬಂದು, "ಸಂಬಂದ ಕೂಡ್ತದಂತೆ ಮೇಷ್ಟ್ರೇ. ಮಗ್ಗಿ ಇಸ್ಯ ಮಾತ್ರ ಬೀಗ್ರಿಗೆ ಏಳ್ಬ್ಯಾಡಿ" ಅಂದರು.

ಸಾಹೇಬರ ಮುತ್ತಾತ

ಈ ವರ್ಷ ಶಾಲೆಯ ಮಾನ್ಯತೆ ಉಳಿಯಬೇಕಾದರೆ ತಪಾಸಣೆಗೆ ಬಂದ ಶಿಕ್ಷಣ ಇಲಾಖೆಯ ಸಾಹೇಬರ ಸಹಿ ಬೇಕಿತ್ತು, ಇಲ್ಲದಿದ್ದರೆ ಬೀಗ. ಸಾಹೇಬರು ಹಾಜರಿ ಪುಸ್ತಕ ತಿರುವಿ, "ಸುಗ್ಗಿ ಮುಗಿದರೆ ಸಾಕು, ಮಕ್ಕಳು ಅಪ್ಪ ಅಮ್ಮನ ಹಿಂದೆ ಊರೂರು ಹೋಗಿಬಿಡ್ತಾವೆ. ನಾನು ಹೇಗೆ ಸಹಿ ಹಾಕಲಿ?" ಅಂದರು.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಯಾವೂರು ಸಾ ನಿಮ್ದು?"

"ಹನಕೆರೆ. ಮೇಗಲಮನೆಯವರು ನಾವು."

"ಅದು ನಮ್ ತಾತ ಓಗೋ ಊರು ಸಾ" ಅಂದವಳೇ ಕಣ್ಣು ಮುಚ್ಚಿ ಶುರು ಮಾಡಿದಳು. ಸಾಹೇಬರ ಅಪ್ಪ, ತಾತ ಎಲ್ಲ ಸಾಲಾಗಿ ಬಂದರು. "ನಿಮ್ ಮುತ್ತಾತನ್ನ ಓದಕ್ಕೆ ಅಂತ ಐಗಳ ಮಟಕ್ಕೆ ಆಕುದ್ರು. ಮೂರೇ ದಿನಕ್ಕೆ ಗೋಡೆ ಆರಿ ಬಂದು ಉಲ್ಲಿನ ಮೆದೇಲಿ ಅವಿತ್ಕಂಡ್ರು. ಆಮೇಕೆ ಆ ಕಡೆ ತಲೆ ಆಕ್ನಿಲ್ಲ."

ಇನ್ನು ಸಹಿ ಬಿದ್ದ ಹಾಗೆಯೇ ಅಂದುಕೊಂಡು ನಾನು ಬೀಗದ ಕೈ ಹುಡುಕತೊಡಗಿದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮಜ್ಜಿಯೂ ಇದನ್ನೇ ಹೇಳ್ತಿದ್ದಳು ಕಣಮ್ಮ!"

ಹುಡುಗಿ ಕದಲಲಿಲ್ಲ. ವಂಶ ಹೇಳಿದ ಮೇಲೆ ಏನಾದರೂ ಕೊಡುವವರೆಗೆ ಹೆಳವರು ಕದಲುವುದಿಲ್ಲ. ಸಾಹೇಬರು ಜೇಬಿಗೆ ಕೈ ಹಾಕಿದರು.

"ದುಡ್ಡು ಬ್ಯಾಡ ಸಾ. ಸಯಿನ್ ಆಕ್ಬುಡಿ."

ಹಾಕಿದರು. ನನಗೆ ಅಳು ಬಂತು, ಸಂತೋಷಕ್ಕೆ.

ಸಾಹೇಬರು ಜೀಪು ಹತ್ತುವಾಗ ಹುಡುಗಿ ನೋಟುಪುಸ್ತಕ ಹಿಡಿದು ಓಡಿದಳು. "ನಿಮ್ ಮಕ್ಳೆಸ್ರು ಏಳಿ ಸಾ, ವಂಸಕ್ಕೆ ಸೇರುಸ್ಬೇಕು." ಅವರು ಇಬ್ಬರ ಹೆಸರು ಹೇಳಿದರು. ಬರೆದುಕೊಂಡು, ಪೆನ್ನು ಎತ್ತದೆಯೇ ಕೇಳಿದಳು:

"ಇವ್ರಾದ್ರೂ ಇಸ್ಕೂಲ್ಗೆ ನೆಟ್ಗೆ ಓಯ್ತಾವ್ರಾ ಸಾ?"