ಹಿಮ ಒಡೆಯುವ ಹಡಗೂ ನಮ್ಮನೆ ವ್ಯಾನೂ

ಗಂಡಸರ ಕಣ್ಣಿಗೆ ಸಾವಿರಾರು ಮೈಲಿ ದೂರದ ಹಿಮ ಕಂಡಷ್ಟು ಚೆನ್ನಾಗಿ ಮನೆ ಬಾಗಿಲ ಹಿಮ ಕಾಣುವುದಿಲ್ಲ. ನಮ್ಮ ಯಜಮಾನರನ್ನೇ ತೆಗೆದುಕೊಳ್ಳಿ. ಉತ್ತರ ಧ್ರುವದ ಸಮುದ್ರ ಕಾಯಲು ನಾವಿರುವ ಈ ಹೊರದೇಶದ ಸರ್ಕಾರಕ್ಕೆ ಹಿಮ ಒಡೆಯುವ ಹಡಗು ಎಷ್ಟು ಬೇಕು, ಯಾವಾಗ ಬೇಕು, ಒಂದು ಕೆಟ್ಟು ನಿಂತರೆ ಇನ್ನೊಂದು ಎಲ್ಲಿಂದ ಬರಬೇಕು ಎಂಬ ಯೋಜನೆಗೆ ಪಕ್ಕದ ಊರು ಲಿಸ್ಲ್‌ನಲ್ಲಿರುವ ಇವರ ಕಂಪನಿ ಕಾಗದಪತ್ರ ಸಿದ್ಧಪಡಿಸುತ್ತದೆ. ಎರಡು ವರ್ಷದಿಂದ ನಮ್ಮ ಊಟದ ಮೇಜಿಗೆ ಸಾರಿಗಿಂತ ಮೊದಲು ಆರ್ಕ್‌ಟಿಕ್ ಬರುತ್ತಿದೆ. ಹಡಗು ಮಾತ್ರ ಬಂದಿಲ್ಲ.

ಈ ಸಂಕ್ರಾಂತಿಗೆ ಲೆಮಾಂಟ್ ಊರಿನ ದೇವಸ್ಥಾನದ ನೈವೇದ್ಯಕ್ಕೆ ಸಿಹಿ ಹುಗ್ಗಿ ನನ್ನದು. ಹೆಸರು ಬರೆಸಿ, ವರ್ಷಗಟ್ಟಲೆ ಕಾದು ಸಿಕ್ಕ ಸರದಿ. ಹತ್ತೂವರೆಗೆ ಅಲ್ಲಿರಬೇಕು. ಪಾತ್ರೆಗೆ ಕಂಬಳಿ ಸುತ್ತಿ ವ್ಯಾನಿನಲ್ಲಿಟ್ಟು ಗರಾಜಿನ ಬಾಗಿಲು ತೆಗೆದರೆ, ಹಿಮ ಗೋರುವ ಲಾರಿ ರಸ್ತೆಯದ್ದನ್ನೆಲ್ಲ ತಂದು ಗರಾಜಿನಿಂದ ರಸ್ತೆಗಿಳಿಯುವ ನಮ್ಮ ಡ್ರೈವ್‌ವೇ ಬಾಯಿಗೆ ತಳ್ಳಿ ಹೋಗಿತ್ತು. ಮೊಣಕಾಲೆತ್ತರದ, ಕಲ್ಲಾಗಿ ಹೆಪ್ಪುಗಟ್ಟಿದ ದಿಬ್ಬ.

“ರೀ, ಬೇಗ ಬಂದು ಇದನ್ನ ಒಡೀರಿ” ಎಂದೆ.

ಧಾರವಾಡದವರಾದ ಇವರು ಕಿವಿಯಲ್ಲಿ ಆಫೀಸಿನ ಮೀಟಿಂಗ್ ಸಿಕ್ಕಿಸಿಕೊಂಡೇ ಬಂದರು. “ತಡಿ ಸ್ವಲ್ಪ. ಮೊದ್ಲ ದಪ್ಪ ಎಷ್ಟದ ನೋಡಬೇಕು. ಆಮ್ಯಾಲೆ ಪ್ಲಾನ್ ಮಾಡೋಣು. ಮೀಟಿಂಗ್ ಮುಗೀಲಿ.”

“ಇದಕ್ಕೇ ನಿಮ್ಮ ಸರ್ಕಾರಕ್ಕೆ ಹಡಗು ಬರ್ತಾ ಇಲ್ಲ!”

“ಹಡಗಂದ್ರ ಹುಗ್ಗಿ ಅಲ್ಲ, ಮೂರು ಸೀಟಿ ಹೊಡಿಸಿ ಇಳಸಲಿಕ್ಕೆ” ಎನ್ನುತ್ತ ಬೇಸ್‌ಮೆಂಟಿಗೆ ಇಳಿದುಹೋದರು.

ಸಲಿಕೆ ಮುಟ್ಟುವುದಿಲ್ಲವೆಂದು ನಾನೂ ಹಟ ಹಿಡಿದೆ. ಹಡಗು ಹಿಮವನ್ನು ಅಗೆಯುವುದಿಲ್ಲ, ಮೇಲೇರಿ ಕೂತು ತನ್ನ ಭಾರದಿಂದಲೇ ಒಡೆಯುತ್ತದೆಂದು ಇವರೇ ನೂರು ಸಲ ಹೇಳಿದ್ದಾರೆ. ನಮ್ಮ ವ್ಯಾನಿಗೇನು ಭಾರ ಕಡಿಮೆಯೇ? ಒಳಗೆ ನಾನು ಬೇರೆ ಇದ್ದೇನೆ. ರಸ್ತೆಗೆ ಮುಖ ಮಾಡಿ ನಿಂತಿದ್ದ ವ್ಯಾನನ್ನು ಜೋರಾಗಿ ನುಗ್ಗಿಸಿದೆ. ಏರಿತು. ಕೂತಿತು. ದಿಬ್ಬ ಒಡೆಯಲಿಲ್ಲ. ಮುಂದಿನ ಚಕ್ರಗಳು ಗಾಳಿಯಲ್ಲಿ ಗುಂಯ್ ಎಂದು ತಿರುಗತೊಡಗಿದವು.

ಸದ್ದಿಗೆ ಇವರು ಓಡಿಬಂದರು. “ಏನ್ ಮಾಡೀದಿ ಇದು? ಇಳಿ ಕೆಳಗ!”

“ಇಳಿಯಲ್ಲ. ನಾನು ದೇವಸ್ಥಾನಕ್ಕೆ ಹೊರಟಾಗಿದೆ. ಬೇಕಾದ್ರೆ ಅಗೀರಿ.”

ಬಾಗಿಲು ಲಾಕ್ ಮಾಡಿ ನೇರ ಮುಂದೆ ನೋಡುತ್ತ ಕೂತೆ. ಇವರು ಮಂಡಿಯೂರಿ ಅಗೆದರು. ಮ್ಯೂಟ್ ಮಾಡಲು ಮರೆತಿದ್ದರಿಂದ ಆ ಏದುಸಿರು ಮೀಟಿಂಗಿನವರಿಗೆಲ್ಲ ಕೇಳಿಸಿತಂತೆ.

ಇವರನ್ನೂ ಹತ್ತಿಸಿಕೊಂಡು ದೇವಸ್ಥಾನ ಮುಟ್ಟಿದಾಗ ಹನ್ನೊಂದು. “ನಿಮಗೇ ಕಾಯ್ತಾ ಇದ್ವಿ, ತನ್ನಿ ಅಮ್ಮಾ” ಎಂದು ಅರ್ಚಕರು ಪಾತ್ರೆ ಒಳಗೊಯ್ದರು. ಹುಗ್ಗಿ ಇನ್ನೂ ಹಬೆಯಾಡುತ್ತಿತ್ತು.

ವಾಪಸು ಬರುವಾಗ ಇವರು ಮೆಲ್ಲಗೆ, “ಆ ಹಡಗಿನ ಮೂತಿ ಇಳಿಜಾರಾಗಿ ಇರ್ತದ, ಅದಕ್ಕ ಹಿಮ ಒಡೀತದ. ಅದನ್ನೂ ಹೇಳಿದ್ದೆ ನಿನಗ” ಎಂದರು. ಹೇಳಿದ್ದಿರಬಹುದು. ಮಾತು ಮೂತಿಯವರೆಗೆ ಬರುವಷ್ಟರಲ್ಲಿ ನಾನು ಮಜ್ಜಿಗೆ ತರಲು ಎದ್ದು ಹೋಗಿರುತ್ತೇನೆ. ಅದನ್ನು ಇವರ ಮುಂದೆ ಒಪ್ಪಿಕೊಳ್ಳುವಷ್ಟು ದುರ್ಗತಿ ನನಗಿನ್ನೂ ಬಂದಿಲ್ಲ.

“ನಮ್ಮ ವ್ಯಾನಿಗೆ ಅಂಥ ಮೂತಿ ಯಾಕಿಲ್ಲ? ಮೊದಲು ಅದಕ್ಕೊಂದು ಪ್ಲಾನ್ ಮಾಡಿ” ಎಂದೆ.