ನೀರಿನ ಮೂಲ ಸಂಖ್ಯೆ ಒಂದು

ಕಡಲಂಚಿನ ನಮ್ಮ ಮರುಭೂಮಿ ಕೃಷಿ ನಾವೀನ್ಯ ಕೇಂದ್ರದಲ್ಲಿ ಬೆಳೆಗೆ ನೀರುಣಿಸುವ ಕೆಲಸವನ್ನು ಅಧಿಕಾರಿಗಳು ಕುರ್ಚಿಯಲ್ಲಿ ಕುಳಿತೇ ನಿರ್ವಹಿಸುತ್ತಾರೆ.

ಮೊದಲು ಹೀಗಿರಲಿಲ್ಲ. ಗಾಜಿನ ಮನೆಯಲ್ಲಿ ಕಂಪ್ಯೂಟರ್ ಹೇಳಿದಂತೆ ಬೆಳೆಸಿದ ನಾಲ್ಕು ಸಾವಿರ ಸಸಿಗಳು ನಿಯಮಾನುಸಾರ ಒಣಗಿದವು. ಬದುಕಿದ್ದು ನನ್ನ ಕೋಣೆಯ ಹಿಂದಿನ ಕರಬೂಜದ ಬಳ್ಳಿ ಒಂದೇ. ಹಣ್ಣು ತಿಂದು ಬೀಜವನ್ನು ಕಿಟಕಿಯಾಚೆ ಉಗುಳಿದವನು ನಾನು. ಮೂವತ್ತೊಂದು ವರ್ಷದ ಸೇವೆಯಲ್ಲಿ ನಾನು ಮಾಡಿದ ಕೃಷಿ ಅಷ್ಟೇ.

ತನಿಖಾ ಸಮಿತಿಯವರು ಬಳ್ಳಿಯ ಬುಡದಲ್ಲಿ ಮೂರು ದಿನ ಕುಕ್ಕರಗಾಲಲ್ಲಿ ಕೂತು, ನೀರು ನನ್ನ ಏಸಿಯಿಂದ ತೊಟ್ಟಿಕ್ಕುತ್ತಿದೆ ಎಂದು ಕಂಡುಹಿಡಿದರು. ಕೂಡಲೇ ಸುತ್ತೋಲೆ ಹೊರಟಿತು: "ಎಲ್ಲ ಇಪ್ಪತ್ತಾರು ಕೋಣೆಗಳ ಹಿಂದೆಯೂ ಬೀಜ ಉಗುಳತಕ್ಕದ್ದು. ಏಸಿಗಳನ್ನು ಹದಿನಾರು ಡಿಗ್ರಿಯಲ್ಲಿಡತಕ್ಕದ್ದು. ಖಾಲಿ ಕೋಣೆಯಲ್ಲಿ ಏಸಿ ಓಡಿಸುವುದು ದುಂದುವೆಚ್ಚವಾದ್ದರಿಂದ ಯಾರೂ ಕುರ್ಚಿ ಬಿಟ್ಟು ಏಳತಕ್ಕದ್ದಲ್ಲ." ಹೊರಗೆ ನಲವತ್ತೇಳು ಡಿಗ್ರಿ ಬಿಸಿಲು. ಒಳಗೆ ನಾವು ಉಣ್ಣೆಯ ಕೋಟು ತೊಟ್ಟು, ಗಡಗಡ ನಡುಗುತ್ತಾ ನೀರು ಉತ್ಪಾದಿಸಿದೆವು.

ಜುಲೈ ಕೊನೆಗೆ ನನಗೆ ನಿವೃತ್ತಿ. ಹೆಂಡತಿ ಶಮ್ಮಾಳಿಗೆ ಮಾತು ಕೊಟ್ಟಿದ್ದೆ, ಅವಳ ತವರಿನ ಬೆಟ್ಟದೂರಿಗೆ ಹೋಗಿ ಖರ್ಜೂರದ ತೋಟದಲ್ಲಿ ಇಬ್ಬರೇ ಇರೋಣವೆಂದು. ಬಿಡುಗಡೆ ಪತ್ರ ಕೇಳಲು ನಿರ್ದೇಶಕ ಗಾನಿಮರ ಬಳಿ ಹೋದೆ. ಅವರು ನಮ್ಮ ಕಡೆಯ ಮರ್ಯಾದೆಯಂತೆ ನನ್ನ ಮಗನ ಹೆಸರು ಹಿಡಿದು, ಹಾರಿಬನ ಅಪ್ಪ ಎಂದೇ ಮಾತಾಡಿಸಿದರು.

"ಬೂ ಹಾರಿಬ್, ನೀವು ಜೂನ್‌ನಿಂದ ಸಿಬ್ಬಂದಿ ಪಟ್ಟೀಲೇ ಇಲ್ವಲ್ಲ!"

"ಮತ್ತೆಲ್ಲಿದೀನಿ ಸಾಹೇಬ್ರೆ?"

"ನೀರಾವರಿ ಪಟ್ಟೀಲಿ. ನೀರಿನ ಮೂಲ ಸಂಖ್ಯೆ ಒಂದು. ಬಾವಿಗೆ ಯಾರಾದ್ರೂ ನಿವೃತ್ತಿ ಕೊಡ್ತಾರಾ? ನೀವೇ ಹೇಳಿ."

ನನಗೂ ಹೌದೆನಿಸಿತು. ಅವರು ಕೊಟ್ಟ ಕಾಫಿ ಕುಡಿದು ವಾಪಸು ಬಂದು ಕೂತೆ. ಶಮ್ಮಾಳಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿ, ಅವಳು ಬಾಯಿ ತೆರೆಯುವ ಮುಂಚೆ ಇಟ್ಟುಬಿಟ್ಟೆ.

ಆಗಸ್ಟ್ ಒಂದರಂದು ಅವಳೇ ಗಂಟುಮೂಟೆ ಸಮೇತ ಬಾಗಿಲು ದೂಡಿಕೊಂಡು ಬಂದಳು.

"ಬೀಜ ಉಗುಳಿ ಬಾವಿಯಾದ ಗಂಡಸನ್ನ ನಾನು ಎಲ್ಲೂ ಕಂಡಿಲ್ಲ! ಮೂವತ್ತು ವರ್ಷ ಕಾಯಿಸಿದ್ದು ಸಾಲ್ದಾ? ಏಳ್ರಿ ಮೇಲೆ!"

ಅರ್ಧ ಗಂಟೆ ನನ್ನನ್ನು ಉಗಿದು ಉಪ್ಪಿನಕಾಯಿ ಹಾಕಿದಳು. ಅಷ್ಟರಲ್ಲಿ ಗಾನಿಮರು ಅಳತೆಯ ಜಾಡಿ ಹಿಡಿದು ಓಡೋಡಿ ಬಂದರು.

"ಉಮ್ ಹಾರಿಬ್, ನೀವು ಬೈಯೋಕೆ ಶುರು ಮಾಡಿದ್ಮೇಲೆ ಹಿಂದ್ಗಡೆ ತೊಟ್ಟು ಜೋರಾಗಿದೆ! ಉಸಿರಿನ ತೇವ ನೋಡಿ. ಇನ್ನೂ ಇದೆಯಾ?"

"ಬೇಕಾದಷ್ಟಿದೆ!"

"ಹಾಗಾದ್ರೆ ನಿಂತ್ಯಾಕೆ, ಕೂತ್ಕೊಂಡು ಬೈಯಿರಿ." ಕುರ್ಚಿ ತರಿಸಿದರು.

ಈಗ ಅವಳು ಮೂಲ ಸಂಖ್ಯೆ ಇಪ್ಪತ್ತೇಳು. ಬೆಟ್ಟದೂರಿನ ಮಾತನ್ನು ಮೊದಮೊದಲು ದಿನವೂ ಎತ್ತುತ್ತಿದ್ದಳು. ಈಚೆಗೆ ತನ್ನ ಕೋಟಿನ ತೋಳು ಉದ್ದವಾಯಿತೆಂದು ಅರ್ಜಿ ಬರೆಯುತ್ತಾಳೆ. ಹಣ್ಣುಗಳು ಸೊಗಸಾಗಿ ಬಂದಿವೆ. ನೀರಿನ ಮೂಲಗಳಿಗೆ ಹಣ್ಣಿನಲ್ಲಿ ಪಾಲಿಲ್ಲವೆಂದು ನಿಯಮವಿದೆ. ನಾನು ಸ್ವಲ್ಪ ಗೊಣಗಿದೆ.

"ಸುಮ್ನಿರ್ರಿ," ಎಂದಳು ಶಮ್ಮಾ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ. "ಈ ಚಳೀಲಿ ಕರಬೂಜ ಯಾರು ತಿಂತಾರೆ?"