ಟರಾಂಟುಲಾಗೆ ಗಾಳಿಗಂಡಿ

ನಮ್ಮ ಮುತ್ತಜ್ಜ ಉಜ್ಜನಪ್ಪ ಕಟ್ಟಿದ ಆಲೆಮನೆಯ ಒಲೆಯಲ್ಲಿ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತೇ ಹೊರತು ಬೆಲ್ಲ ಕಾಯಿಸುವವರ ಕಣ್ಣಿಗೆ ಬರುತ್ತಿರಲಿಲ್ಲ. ಅಜ್ಜ ಹಾಲಪ್ಪ ಊರಗೌಡರ ಕಣಜದ ಕೋಣೆಗೆ ಎರಡು ಗಾಳಿಗಂಡಿ ಕೊರೆದು, ನೂರು ಚೀಲ ಭತ್ತ ಮುಗ್ಗಲು ಹಿಡಿಯದಂತೆ ಉಳಿಸಿದ. ನಮ್ಮಪ್ಪ ಗಂಗಾಧರಪ್ಪ ಕಿಟಕಿಯಿಟ್ಟ ಕೊಟ್ಟಿಗೆಯಲ್ಲಿ ಎಮ್ಮೆ ಕೆಮ್ಮಿದ್ದನ್ನು ಕೇಳಿದವರಿಲ್ಲ. ಇಂಥ ವಾಯುವಂಶದಲ್ಲಿ ಹುಟ್ಟಿದ ಮುರುಗೇಶಪ್ಪನಿಗೆ, ಅಂದರೆ ನನಗೆ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಜೇಡದ ಡಬ್ಬಕ್ಕೆ ಗಾಳಿ ಆಡಿಸಲು ಬರುವುದಿಲ್ಲವೆಂದು ಸ್ವಂತ ಮೊಮ್ಮಗಳೇ ಅನುಮಾನಪಟ್ಟರೆ ಹೇಗಾಗಬೇಡ? (ನಾನು ಓದಿದ್ದು ನಾಲ್ಕನೇ ಕ್ಲಾಸು. ಗಾಳಿ ಅಷ್ಟೂ ಓದಿಲ್ಲ.)

ಮೊಮ್ಮಗಳು ಸ್ಫೂರ್ತಿ ಜನ್ನಾಪುರದ ನಮ್ಮ ಮನೆಯಲ್ಲಿ ಸಾಕಿರುವುದು ಟರಾಂಟುಲಾ ಎಂಬ ಜೇಡ. ಅಂಗೈಯಗಲ ಇದೆ, ಮೈತುಂಬ ಕೂದಲು. ಅದರ ಪ್ಲಾಸ್ಟಿಕ್ ಡಬ್ಬ ಒಳಗೆಲ್ಲ ಬೆವರಿ ಬೂಷ್ಟು ಹಿಡಿದಿತ್ತು. ಹತ್ತು ದಿನದ ತರಬೇತಿಗೆಂದು ಮೈಸೂರಿಗೆ ಹೊರಟವಳು, "ಅಜ್ಜ, ಇದನ್ನ ಶಿವಮೊಗ್ಗದ ದುರ್ಗಿಗುಡೀಲಿ ನನ್ನ ಫ್ರೆಂಡ್ ಮೋನಿಕಾ ಹತ್ರ ಬಿಡ್ತೀನಿ. ಅವಳಿಗೆ ಜೇಡ ಸಾಕಿ ಗೊತ್ತು," ಎಂದಳು.

"ನಮ್ಮನೆ ಜೇಡಕ್ಕೆ ಶಿವಮೊಗ್ಗದ ಗಾಳಿ ಯಾಕೆ? ಇಲ್ಲೇ ಬಿಡು. ನೀನು ಬರೋ ಹೊತ್ತಿಗೆ ಒಂದು ಸುತ್ತು ದಪ್ಪ ಆಗಿರುತ್ತೆ."

"ಆಗದೆ ಇದ್ರೆ?"

"ಆಗದೆ ಇದ್ರೆ ಮೋನಿಕಾಗೇ ಖಾಯಂ ಕೊಟ್ಬಿಡು!"

ಮಾತು ಹೊರಬಿತ್ತು. ವಂಶದ ಮಾನವೆಲ್ಲ ಒಂದು ಜೇಡದ ಹೊಟ್ಟೆಯ ಮೇಲೆ ಬಂದು ನಿಂತಿತು.

"ಗಾಳಿಗೆ ತೂತು ಕೊರೆಯೋದಾದ್ರೆ ಊದಿನಕಡ್ಡಿ ಗಾತ್ರ ಸಾಕಜ್ಜ," ಎಂದು ಹೇಳಿ, ಜೇಡವನ್ನು ನನಗೊಪ್ಪಿಸಿ ಬಸ್ಸು ಹತ್ತಿದಳು. ಊದಿನಕಡ್ಡಿ! ಅಷ್ಟರಲ್ಲಿ ಗಾಳಿ ಬರುತ್ತದೆಯೋ, ಗಾಳಿಯ ಸುದ್ದಿ ಬರುತ್ತದೆಯೋ? ಜೇಡವನ್ನು ಅಡುಗೆಮನೆಯ ಪ್ಲಾಸ್ಟಿಕ್ ಕೊಬ್ಬರಿ ಡಬ್ಬಕ್ಕೆ ಸ್ಥಳಾಂತರಿಸಿದೆ (ಕೊಬ್ಬರಿಯ ಒಡತಿಗೆ ಹೇಳದೆ). ಮೊಳೆಯನ್ನು ಕೆಂಪಗೆ ಕಾಯಿಸಿ, ತಂಪುಗಾಳಿ ಒಳಬರಲು ಒಂದು ಪಕ್ಕದ ಕೆಳಗೆ, ಬಿಸಿಗಾಳಿ ಹೊರಹೋಗಲು ಎದುರು ಪಕ್ಕದ ಮೇಲೆ, ದಪ್ಪ ಪೆನ್ಸಿಲ್ ತೂರುವಂಥ ಕಂಡಿಗಳನ್ನು ಸಾಲಾಗಿ ಕೊರೆದೆ. ಜೇಡ ಹೊರಬರಲಾರದು, ಗಾಳಿ ಮಾತ್ರ ತಲೆಯೆತ್ತಿಕೊಂಡು ನಡೆಯಬಹುದು. ಎರಡು ದಿನ ಕಳೆದರೂ ಬೆವರೂ ಇಲ್ಲ, ಬೂಷ್ಟೂ ಇಲ್ಲ!

ಜೇಡಕ್ಕೆ ಊಟವೆಂದರೆ ಚಿಮ್ಮಂಡೆ, ಅದೇ ಮೂಲೆಯಲ್ಲಿ ಕೂತು ಕಿರ್ ಕಿರ್ ಎನ್ನುವ ಹುಳ. ವಾರಕ್ಕೆ ನಾಲ್ಕು ಸಾಕೆಂದು ಸ್ಫೂರ್ತಿ ಒಂದು ಡಬ್ಬ ತುಂಬ ಇಟ್ಟು ಹೋಗಿದ್ದಳು. ನಾಲ್ಕು ಹಾಕಿದೆ. ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ. ಮತ್ತೆ ನಾಲ್ಕು ಹಾಕಿದೆ, ಖಾಲಿ. ಆರು ಹಾಕಿದೆ, ಅದೂ ಖಾಲಿ. ನನ್ನ ಎದೆ ಉಬ್ಬಿತು. ಒಳ್ಳೆಯ ಗಾಳಿ ಬಿದ್ದ ಪ್ರಾಣಿ ಹೆಚ್ಚು ಮೇಯುತ್ತದೆ ಎಂದು ಅಪ್ಪ ಎಮ್ಮೆಗಳ ವಿಷಯದಲ್ಲಿ ಹೇಳುತ್ತಿದ್ದುದು ಜೇಡಕ್ಕೂ ಒಪ್ಪಿತಲ್ಲ! ಡಬ್ಬದ ಹುಳ ಮುಗಿದಾಗ ನಾಲೆಯ ಬದಿಯ ಹುಲ್ಲಿಗೆ ಹೋಗಿ ಟವೆಲ್ ಬೀಸತೊಡಗಿದೆ.

ಪಕ್ಕದ ಮನೆಯ ಯೋಗೇಶ್ ಬೈಕು ನಿಲ್ಲಿಸಿದ. "ಏನ್ ಮುರುಗೇಶಣ್ಣ, ಯಾರನ್ನ ಓಡಿಸ್ತಿದೀರಿ?"

"ಓಡಿಸ್ತಿಲ್ಲ ಮಾರಾಯ, ಊಟಕ್ಕೆ ಕರೀತಿದೀನಿ. ನಮ್ಮ ಜೇಡ ದಿನಕ್ಕೆ ಎಂಟು ಹುಳ ಇಳಿಸುತ್ತೆ. ಎಲ್ಲಾ ಗಾಳಿ ಮಹಿಮೆ!"

ಮನೆಯಲ್ಲಿ ನನ್ನ ಹೆಂಡತಿ ಜಗದಾಂಬಾಳದು ಬೇರೆ ರಾಗ.

"ರೀ, ಅಡುಗೆಮನೇಲಿ ಏನೋ ಕಿರ್ ಅಂತಿದೆ."

"ನಿನ್ನ ಮಿಕ್ಸಿ ಇರಬೇಕು."

"ಮಿಕ್ಸಿ ಆಫ್ ಮಾಡಿದೀನಿ. ದೇವರ ಕೋಣೇಲೂ ಕಿರ್ ಅಂತಿದೆ."

"ಕಿವಿಗೆ ವಯಸ್ಸಾಯ್ತು ಮಾರಾಯ್ತಿ. ಎರಡು ಹನಿ ಎಣ್ಣೆ ಬಿಟ್ಕೊ."

ಒಂಬತ್ತನೆಯ ದಿನ ಅವಳು ನನ್ನ ರೇಷ್ಮೆ ಪಂಚೆಯನ್ನು ತಂದು ಬೆಳಕಿಗೆ ಹಿಡಿದಳು. ತುಂಬ ತೂತು.

"ಇದಕ್ಕೂ ಗಾಳಿ ಆಡ್ಲಿ ಅಂತ ಕೊರೆದ್ರಾ?"

ಇಲಿಯ ಕೆಲಸ ಎಂದೆ. (ಪಾಪ, ನಮ್ಮ ಮನೆಗೆ ಇಲಿ ಕಾಲಿಟ್ಟು ಎರಡು ವರ್ಷವಾಗಿತ್ತು.)

ಮರುದಿನ ಮಧ್ಯಾಹ್ನ ಸ್ಫೂರ್ತಿ ಬಂದವಳೇ ಡಬ್ಬದ ಮುಂದೆ ಕೂತಳು. "ಒಳಗೆಲ್ಲ ಚೆನ್ನಾಗಿ ಒಣಗಿದೆ. ಆದ್ರೆ ಅಜ್ಜ, ಇದರ ಹೊಟ್ಟೆ ಯಾಕೆ ಒಣದ್ರಾಕ್ಷಿ ಹಂಗಾಗಿದೆ?"

"ನಿನ್ನ ಕಣ್ಣು ನೆಟ್ಟಗಿಲ್ಲ. ಐವತ್ತು ಹುಳ ತಿಂದಿದೆ ಅದು!"

ಸಾಕ್ಷಿಗೆಂದು ಅವಳ ಎದುರಿಗೇ ಆರು ಚಿಮ್ಮಂಡೆಗಳನ್ನು ಒಳಗೆ ಬಿಟ್ಟೆ. ಅವು ಜೇಡದ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿನಿಂದ ಇಳಿಯುವವರಂತೆ ಒಂದರ ಹಿಂದೊಂದು ಕೆಳಗಿನ ಕಂಡಿಯಿಂದ ಇಳಿದು, ಮಂಚದ ಅಡಿಗೆ ಹೋದವು. ಅಲ್ಲಿ ಮೊದಲೇ ಹೋಗಿದ್ದವರು ಕಿರ್ ಎಂದು ಬರಮಾಡಿಕೊಂಡರು.

"ಯಾರ ಕಿವಿಗೆ ವಯಸ್ಸಾಗಿದ್ದು?" ಎಂದಳು ಜಗದಾಂಬಾ.

ಸ್ಫೂರ್ತಿ ಮೊಬೈಲ್ ತೆಗೆದಳು. "ಪಾಪ, ಉಪವಾಸ ಇದೆ ಅಜ್ಜ. ಮೋನಿಕಾನ ಕರೀತೀನಿ. ಜಾಲರಿ ತಂದು ಹುಳನೂ ಹಿಡೀತಾಳೆ, ಜೇಡನೂ ತಗೊಂಡು ಹೋಗ್ತಾಳೆ."

"ಫೋನ್ ಕೆಳಗಿಡು! ಹತ್ತನೇ ದಿನ ಇನ್ನೂ ಮುಗಿದಿಲ್ಲ," ಎಂದವನೇ ಟವೆಲ್ ಹಿಡಿದು ಮಂಚದಡಿ ನುಗ್ಗಿದೆ. ಎರಡು ಹುಳ ಸಿಕ್ಕವು. ಮೂರನೆಯದಕ್ಕೆ ಕೈ ಚಾಚಿದಾಗ ಸೊಂಟದಲ್ಲಿ ಕಳಕ್ ಎಂದಿತು. ಆಮೇಲೆ ನಾನು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಅಜ್ಜ, ಕೈ ಕೊಡು, ಎಳೀತೀನಿ."

"ರೀ, ಯೋಗೇಶನ್ನ ಕರೀಲಾ?"

"ಯಾರೂ ಬೇಡ! ಸೊಂಟ ಹಿಡ್ಕೊಂಡಿಲ್ಲ. ಹುಳ ಹೆದರಬಾರ್ದು ಅಂತ ಅಲ್ಲಾಡದೆ ಮಲಗಿದೀನಿ. ನೀವೆಲ್ಲ ಹೋಗಿ ಊಟ ಮಾಡಿ!"